ಕಿಟಕಿ ಪಕ್ಕದ ಟಕಟಕ

ಆಗಸ್ಟ್ ೫, ಸೋಮವಾರ

ಈ ದಿನಚರಿ ಪುಸ್ತಕ ಇವರು ತಂದುಕೊಟ್ಟದ್ದು. ವರ್ಷದ ಮೊದಲಲ್ಲಿ ಯಾವುದೋ ಕಂಪನಿಯವರು ಇವರ ಕನ್ನಡಕದ ಅಂಗಡಿಗೆ ಕೊಟ್ಟು ಹೋಗಿದ್ದರಂತೆ, ಇಲ್ಲಿಯವರೆಗೆ ಡ್ರಾಯರಿನಲ್ಲಿ ಬಿದ್ದಿತ್ತು. "ತಗೋ, ಇನ್ಮೇಲೆ ಬಯ್ಯೋದೆಲ್ಲ ಇದ್ರಲ್ಲೇ ಬಯ್ಕೊ," ಎಂದರು. ಮುಖದಲ್ಲಿ ಮರುಕವಿತ್ತು, ಮೀಸೆಯ ಕೆಳಗೆ ನಗುವೂ ಇತ್ತು. ಇರಲಿ, ಬಾಯಿ ಬಂದಮೇಲೆ ನೋಡಿಕೊಳ್ಳುತ್ತೇನೆ.

ಶುಕ್ರವಾರ ಆಪರೇಷನ್. ಗಂಟಲಿನೊಳಗೆ, ದನಿ ಹೊರಡುವ ಜಾಗದಲ್ಲಿ, ಗಂಟು ಬೆಳೆದಿದೆ. ಡಾಕ್ಟರು ಅದನ್ನು ಪರದೆಯ ಮೇಲೆ ತೋರಿಸಿ, "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರು. ಟೀಚರ್ ಎಂದದ್ದೇ ತಡ, "ಅಂದ್ಕೊಂಡೆ," ಎಂದುಬಿಟ್ಟರು. ಆಮೇಲೆ ಕೆಲವು ವಾರ ಮಾತಿಲ್ಲ. ಪಿಸುಮಾತೂ ಇಲ್ಲ, ಅದು ಇನ್ನೂ ಕೆಟ್ಟದ್ದಂತೆ.

ಮಕ್ಕಳು ನನಗಿಟ್ಟ ಹೆಸರು ಮೈಕು. ನನಗೆ ಗೊತ್ತಿಲ್ಲವೆಂದು ತಿಳಿದಿದ್ದಾರೆ, ಪಾಪ. ನಾನು ಎಂಟನೇ ತರಗತಿಯಲ್ಲಿ ವಿಜ್ಞಾನ ಹೇಳಿದರೆ ಪಕ್ಕದ ಏಳನೇ ತರಗತಿಗೂ ಪುಕ್ಕಟೆ ಪಾಠ. ಪ್ರಶ್ನೆ ಕೇಳಿ ಮೂರು ಎಣಿಸುವುದರೊಳಗೆ ಉತ್ತರ ಬರಬೇಕು, ಬರದಿದ್ದರೆ ಮುಂದಿನವರು. ಹೀಗೆ ನಡೆಸಿದರೇ ತರಗತಿ ಚುರುಕಾಗಿರುವುದು. ನನ್ನ ಪಾಠ ಒಂದು ದಿನವೂ ಹಿಂದೆ ಬಿದ್ದದ್ದಿಲ್ಲ.

ನಾಳೆಯಿಂದ ರಜೆ ಎಂದು ಹೆಡ್‌ಮೇಡಂ ಇವತ್ತೇ ಕರೆದು ಟಕಟಕಿಯ ವಿಷಯ ಕೇಳಿದರು. ಟಕಟಕಿ ಎಂದರೆ ಎಂಟನೇ 'ಎ' ವಿಭಾಗದಲ್ಲಿ ಕಿಟಕಿ ಪಕ್ಕ ಕೂರುವ ಹುಡುಗಿ. ಹೆಸರು ನಾನಿಟ್ಟದ್ದು, ಬಾಯಿಬಿಟ್ಟು ಕರೆದಿಲ್ಲ. ಅವಳಿಗೆ ಆಟಿಸಂ ಇದೆ. ಈ ವರ್ಷದಿಂದ ಕ್ಲಾಸಿಗೆ ಲ್ಯಾಪ್‌ಟಾಪ್ ತಂದು ಅದರಲ್ಲೇ ಬರೆದುಕೊಳ್ಳಲು ಬಿಟ್ಟಿದ್ದಾರೆ. ಆದರೆ ಕಾಯಂ ಅಲ್ಲ. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಸಭೆ ಕೂಡಿ, ಮುಂದುವರಿಸುವುದೋ ಕಿತ್ತುಕೊಳ್ಳುವುದೋ ತೀರ್ಮಾನಿಸುತ್ತಾರೆ. ಕ್ಲಾಸ್ ಟೀಚರ್ ನಾನಾದ್ದರಿಂದ ನನ್ನ ಮಾತಿಗೆ ತೂಕ.

"ಬೇಡ ಮೇಡಂ," ಎಂದೆ. "ಇಡೀ ಪಾಠ ಟಕಟಕ ಟಕಟಕ ಅಂತಿರುತ್ತೆ. ಒಬ್ಬಳಿಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ. ಎಲ್ಲರ ಹಾಗೆ ಬರೆದು ಕಲೀಲಿ."

ನನ್ನ ದನಿ ಹೊರಗೆ ಕಾರಿಡಾರಿಗೂ ಕೇಳಿಸಿರಬೇಕು. ಹೆಡ್‌ಮೇಡಂ ತಲೆಯಾಡಿಸಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಆಗಸ್ಟ್ ೧೦, ಶನಿವಾರ

ಆಯಿತು. ನೋವಿದೆ. ನರ್ಸು "ಹೇಗಿದೀರಾ?" ಎಂದು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು.

ಆಗಸ್ಟ್ ೧೪, ಬುಧವಾರ

ಮನೆಯಲ್ಲಿ ನನ್ನ ಮೌನದಿಂದ ನಿಜವಾಗಿ ಕಷ್ಟಕ್ಕೆ ಸಿಕ್ಕವರು ಅತ್ತೆ. ಅವರಿಗೆ ಕಿವಿ ಮಂದ. ಮಗನ ಮೆತ್ತನೆ ದನಿ ಅವರ ಹತ್ತಿರ ಸುಳಿಯುವುದೂ ಇಲ್ಲ. "ಈ ಮನೇಲಿ ನನಗೆ ಕೇಳಿಸ್ತಿದ್ದದ್ದು ನಿನ್ನ ಮಾತು ಒಂದೇ ಕಣಮ್ಮಾ. ಈಗ ರೇಡಿಯೋ ಆಫ್ ಆದಂಗಿದೆ," ಎಂದರು. ಇಷ್ಟು ವರ್ಷ ನನ್ನ ಬಾಯಿ ಜೋರೆಂದು ನೆಂಟರ ಮುಂದೆಲ್ಲ ಹೇಳಿಕೊಂಡು ಬಂದವರು ಇವರೇ! ಕಣ್ಣಲ್ಲಿ ನೀರು ಬಂತು. ಬಂದದ್ದನ್ನು ಅವರು ನೋಡಲಿಲ್ಲ, ನಾನೂ ತೋರಿಸಲಿಲ್ಲ.

ಇವರು ಒಂದು ಸ್ಲೇಟು ತಂದುಕೊಟ್ಟಿದ್ದಾರೆ. ಫೋನಿನಲ್ಲಿ ಬರೆದು ತೋರಿಸು ಎಂದರೆ ನನ್ನ ಬೆರಳಿಗೆ ಒಂದು ಒತ್ತಿದರೆ ಮೂರು ಬರುತ್ತವೆ. ಇವತ್ತು ಸ್ಲೇಟು ಹಿಡಿದು ಔಷಧಿ ಅಂಗಡಿಗೆ ಹೋದೆ. ಬರೆದು ತೋರಿಸಿದ ಕೂಡಲೇ ಅಂಗಡಿಯವನು ಕಿವುಡರ ಹತ್ತಿರ ಮಾತಾಡುವಂತೆ ಕಿರುಚತೊಡಗಿದ. "ಊಟಕ್ಕೆ ಮುಂಚೆಯೋ ಆಮೇಲೋ?" ಎಂದು ಬರೆಯುತ್ತಿದ್ದೆ, ಅಷ್ಟರಲ್ಲಿ ಹಿಂದಿನವರು ಮುಂದೆ ಬಂದು ಎರಡು ಪೊಟ್ಟಣ ಕಟ್ಟಿಸಿಕೊಂಡು ಹೋದರು. ನಾನು ಅರ್ಧ ಪ್ರಶ್ನೆ ಎತ್ತಿ ಹಿಡಿದು ಕಂಬದ ಹಾಗೆ ನಿಂತಿದ್ದೆ. ತಲೆಯಲ್ಲಿ ಪೂರ್ತಿ ವಾಕ್ಯ ಸಿದ್ಧವಾಗಿರುತ್ತದೆ, ಆದರೆ ಕೈ ಅದರ ಹಿಂದೆ ಕುಂಟುತ್ತಿರುತ್ತದೆ. ಯಾರೂ ಕಾಯುವುದಿಲ್ಲ. ಮೈಯೆಲ್ಲ ಉರಿಯಿತು.

ಆಗಸ್ಟ್ ೨೬, ಸೋಮವಾರ

ಶಾಲೆಗೆ ಹೋದೆ. ಗಾಯ ಇನ್ನೂ ಮಾಗಿಲ್ಲ, ಮಾತಾಡಕೂಡದು ಎಂದರು ಡಾಕ್ಟರು. ಬದಲಿ ಟೀಚರ್ ಸಿಗಲಿಲ್ಲ ಎಂದರು ಹೆಡ್‌ಮೇಡಂ. ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆಂದು ನಾನೇ ಒಪ್ಪಿಕೊಂಡೆ. ಯಾವ ಧೈರ್ಯದಲ್ಲಿ ಒಪ್ಪಿಕೊಂಡೆನೋ.

'ಬಿ' ವಿಭಾಗಕ್ಕೆ ಹೃದಯದ ಪಾಠ ಬಾಕಿಯಿತ್ತು. 'ಎ' ವಿಭಾಗಕ್ಕೆ ಆಪರೇಷನ್ನಿಗೆ ಮುಂಚೆಯೇ ಮುಗಿಸಿದ್ದೆ. ಬೋರ್ಡಿಗೆ ತಿರುಗಿ ಮೊದಲ ಸಾಲು ಬರೆದೆ, ಬೆನ್ನ ಹಿಂದೆ ಗುಸುಗುಸು. ಎರಡನೇ ಸಾಲಿಗೆ ಯಾರೋ ಬೆಕ್ಕಿನ ಹಾಗೆ ಕೂಗಿದರು. ತಿರುಗಿ ಕಣ್ಣು ಕೆಂಪಗೆ ಮಾಡಿದೆ. ಎಲ್ಲರೂ ದೇವತೆಗಳ ಹಾಗೆ ಕೂತಿದ್ದರು. ಮತ್ತೆ ಬೋರ್ಡಿಗೆ ತಿರುಗಿದೆ, ಮತ್ತೆ ಬೆಕ್ಕು. ಮೇಜು ಗುದ್ದಿದೆ. ಕೈ ನೋಯಿತು, ಬೆಕ್ಕಿಗೇನೂ ಆಗಲಿಲ್ಲ. ಒಬ್ಬಳು ಒಳ್ಳೆಯ ಪ್ರಶ್ನೆ ಕೇಳಿದಳು. ಉತ್ತರ ಬರೆದು ಮುಗಿಸುವಷ್ಟರಲ್ಲಿ ಅವಳಿಗೇ ಪ್ರಶ್ನೆ ಮರೆತುಹೋಗಿತ್ತು. ಸೀಮೆಸುಣ್ಣದ ಪುಡಿಗೆ ಕೆಮ್ಮು ಬಂತು. ಕೆಮ್ಮಲೂ ಬಾರದಂತೆ.

ಆಗಸ್ಟ್ ೨೭, ಮಂಗಳವಾರ

ಇವತ್ತೂ ಬೆಕ್ಕು. ಯಾವ ಹುಡುಗನೆಂದು ಗುರುತು ಸಿಕ್ಕಿತು.

ಆಗಸ್ಟ್ ೨೯, ಗುರುವಾರ

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋಗಲಿಲ್ಲ. ಅಲ್ಲಿ ಎಲ್ಲರೂ ಮಾತಾಡುತ್ತಾರೆ, ನಾನು ನಗುತ್ತ ಕೂರಬೇಕು. ಖಾಲಿ ತರಗತಿಯಲ್ಲೇ ಕೂತೆ. ಖಾಲಿ ಎಂದುಕೊಂಡಿದ್ದೆ, ಕಿಟಕಿ ಪಕ್ಕ ಟಕಟಕಿ ಇದ್ದಳು. ಅವಳು ಬಿಡುವಿನಲ್ಲಿ ಹೊರಗೆ ಹೋಗುವುದಿಲ್ಲವೆಂದು ಇವತ್ತೇ ತಿಳಿದದ್ದು.

"ಮೇಡಂ, 'ಬಿ' ವಿಭಾಗದವರಿಗೆ ಹೃದಯದ ಪಾಠ ಅರ್ಥ ಆಗಿಲ್ಲ," ಎಂದಳು. ಅವಳು ಹಾಗೆಯೇ. ಮುಖ ನೋಡದೆ, ಸುತ್ತು ಬಳಸದೆ, ನೇರ ಹೇಳುತ್ತಾಳೆ. "ಬಸ್ಸಲ್ಲಿ ಮಾತಾಡ್ಕೋತಿದ್ರು. ನೀವು ಬೋರ್ಡಲ್ಲಿ ಬರೆದದ್ದು ಪುಸ್ತಕದಲ್ಲಿ ಇರೋದೇ. ನೀವು ನಮಗೆ ಹೇಳಿದ್ದು ಬೇರೆ."

ನನಗೂ ಗೊತ್ತಿತ್ತು. ಸ್ಲೇಟಿನ ಮೇಲೆ "ಏನು ಮಾಡಲಿ?" ಎಂದು ಬರೆದೆ, ಸಿಟ್ಟಿನಿಂದಲೇ.

ಅವಳು ಅದನ್ನು ಪ್ರಶ್ನೆ ಎಂದೇ ತೆಗೆದುಕೊಂಡಳು. "ನಿಮ್ಮ ಪಾಠ ನನ್ನ ಹತ್ರ ಇದೆ. ನೀವು ಹೇಳಿದ್ದೆಲ್ಲ ಇದೆ. ಪೆನ್ ಡ್ರೈವ್‌ಗೆ ಹಾಕಿಕೊಡ್ಲಾ?"

ತಲೆಯಾಡಿಸಿದೆ. ಅವಳು ಪರದೆ ನೋಡುತ್ತಿದ್ದಳು, ನನ್ನ ತಲೆ ಅವಳಿಗೆ ಕಾಣಲಿಲ್ಲ. "ಹೂಂ" ಎಂದು ಬರೆದು ಅವಳ ಕಣ್ಣ ಮುಂದೆ ಹಿಡಿದೆ. "ಆಯ್ತು," ಎಂದು ಕೆಲಸಕ್ಕೆ ತೊಡಗಿದಳು. ಅವಳ ಬೆರಳುಗಳನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಪೆನ್ನು ಹಿಡಿದರೆ ಬಿಳಿಚಿಕೊಂಡು ಸೆಟೆದು ನಿಲ್ಲುವ ಬೆರಳುಗಳು ಅಲ್ಲಿ ಎಷ್ಟು ಹಗುರವಾಗಿ ಓಡಾಡುತ್ತವೆ!

ಆಗಸ್ಟ್ ೩೦, ಶುಕ್ರವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

'ಬಿ' ವಿಭಾಗವನ್ನು ಪ್ರೊಜೆಕ್ಟರ್ ಇರುವ ಕೋಣೆಗೆ ಕರೆದುಕೊಂಡು ಹೋಗಿ, ಟಕಟಕಿ ಕೊಟ್ಟ ಪಾಠವನ್ನು ಗೋಡೆಯ ಮೇಲೆ ಬಿಟ್ಟೆ. ಮುಂಚೆ ಓದಿ ನೋಡಿರಲಿಲ್ಲ. ನನ್ನದೇ ಪಾಠ, ಓದುವುದೇನು?

ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ನಾನು ಹೇಳಿದ್ದೆಲ್ಲ ಇತ್ತು. "ಹೃದಯಕ್ಕೆ ನಾಲ್ಕು ಕೋಣೆ. ಮೇಲೆರಡು ಕೆಳಗೆರಡು. ಲೋ ಕೊನೇ ಬೆಂಚು, ಅಲ್ಲೇನು ಮದುವೆ ಮಾತುಕತೆನಾ? ಮೇಲಿನ ಕೋಣೆಗೆ ರಕ್ತ ಬರುತ್ತೆ. ಗೊತ್ತಾಯ್ತಾ? ನನ್ನ ಕನ್ನಡಕ ಎಲ್ಲಿ? ಗೊತ್ತಾಯ್ತಾ? ಆ, ತಲೆ ಮೇಲೇ ಇದೆ." ಮಕ್ಕಳು ಸರದಿಯಲ್ಲಿ ಒಬ್ಬೊಬ್ಬರೇ ಎದ್ದು ಜೋರಾಗಿ ಓದಿದರು, ಅದೂ ನನ್ನದೇ ಧಾಟಿಯಲ್ಲಿ! ನಕ್ಕು ನಕ್ಕು ಬೆಂಚಿನ ಮೇಲೆ ಉರುಳಿದರು. ನಗಬಾರದೆಂದು ಡಾಕ್ಟರು ಹೇಳಿದ್ದಾರೋ ಇಲ್ಲವೋ ನೆನಪಾಗದೆ ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತೆ. ಆದರೆ ಪಾಠ ಹೊಕ್ಕಿತು. ಬೆಕ್ಕು ಕೂಡ ಓದಿತು.

ಆಮೇಲೆ ಕವಾಟದ ಭಾಗ ಬಂತು. ರಕ್ತ ಒಂದೇ ದಿಕ್ಕಿಗೆ ಹೇಗೆ ಹರಿಯುತ್ತದೆ, ಯಾಕೆ ಹಿಂದೆ ಬರುವುದಿಲ್ಲ ಎನ್ನುವುದನ್ನು ನಾನು ತರಗತಿಯ ಬಾಗಿಲ ಹತ್ತಿರ ನಿಂತು ಮಾಡಿ ತೋರಿಸುತ್ತೇನೆ. ಇಡೀ ಪಾಠದ ಜೀವ ಅದು. ಗೋಡೆಯ ಮೇಲೆ "ಈಗ ಎಲ್ಲರೂ ಬಾಗಿಲ ಕಡೆ ನೋಡಿ" ಎಂದು ಬಂತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಅಲ್ಲಿ ಸುತ್ತೋಲೆ ಹಿಡಿದು ಅಟೆಂಡರ್ ನಿಂತಿದ್ದ. ಅಷ್ಟು ಕಣ್ಣು ಒಟ್ಟಿಗೆ ತನ್ನ ಮೇಲೆ ಬಿದ್ದದ್ದೇ ಹಾವು ತುಳಿದವನ ಹಾಗೆ ಹಿಂದೆ ಜಿಗಿದ.

ಮಕ್ಕಳು ಮತ್ತೆ ಗೋಡೆಗೆ ತಿರುಗಿದಾಗ ಅಲ್ಲಿ ಹೀಗಿತ್ತು: "ಕಿಟಕಿ ಹತ್ರ ಆ ಟಕಟಕ ನಿಲ್ಸಮ್ಮಾ, ತಲೆ ಸಿಡೀತಿದೆ." ಅದರ ಕೆಳಗೆ, "ಟೈಪ್ ಮಾಡಬೇಡ ಎಂದರು. ಇಲ್ಲಿ ಪಾಠ ಇಲ್ಲ." ಆಮೇಲೆ ಅಷ್ಟಗಲ ಬಿಳಿ ಜಾಗ. ಅದರ ಕೆಳಗೆ, "ಗೊತ್ತಾಯ್ತಾ? ಗೊತ್ತಾಯ್ತಾ? ಹೂಂ, ಮುಂದೆ."

ಓದುತ್ತಿದ್ದ ಹುಡುಗ ನಿಲ್ಲಿಸಿದ. "ಮೇಡಂ, ಬಾಗಿಲ ಹತ್ರ ಏನಾಯ್ತು?" ಎಂದು ಕೇಳಿದ.

ಹೇಳಲು ನನಗೆ ಬಾಯಿರಲಿಲ್ಲ. ಅಲ್ಲಿ ಪಾಠವೂ ಇರಲಿಲ್ಲ. ಮೊದಲು ಸಿಟ್ಟು ಬಂತು, ಇದನ್ನೆಲ್ಲ ಬರೆದಿಡಬೇಕಿತ್ತೇ ಈ ಹುಡುಗಿ ಎಂದು. ಗಂಟೆ ಹೊಡೆದು ಮಕ್ಕಳೆಲ್ಲ ಹೋದಮೇಲೆ ಒಬ್ಬಳೇ ಕೂತು ಆ ಬಿಳಿ ಜಾಗ ನೋಡಿದೆ. ಅವಳು ದೂರು ಬರೆದಿರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆದಿದ್ದಳು, ಇಲ್ಲದ್ದನ್ನು ಇಲ್ಲ ಎಂದಿದ್ದಳು. ಆ ದಿನದ ಪಾಠದ ಜೀವ ಉಳಿದವರಿಗೆಲ್ಲ ಸಿಕ್ಕಿತ್ತು, ಅವಳೊಬ್ಬಳನ್ನು ಬಿಟ್ಟು. ನಾಚಿಕೆಯಾಯಿತು.

ಸೆಪ್ಟೆಂಬರ್ ೩, ಮಂಗಳವಾರ

ಆ ಬಿಳಿ ಜಾಗ ತುಂಬಿಸಿದೆವು. 'ಎ' ವಿಭಾಗವನ್ನು ಅದೇ ಕೋಣೆಗೆ ಕರೆದೊಯ್ದು, ಟಕಟಕಿಯನ್ನು ಮುಂದೆ ಕೂರಿಸಿ, ಅವಳ ಲ್ಯಾಪ್‌ಟಾಪಿನ ವೈರು ಪ್ರೊಜೆಕ್ಟರಿಗೆ ಸಿಕ್ಕಿಸಿದೆ. ನಾನು ಬಾಗಿಲ ಹತ್ತಿರ ನಿಂತು ಕವಾಟವಾದೆ. ಇಬ್ಬರು ಮಕ್ಕಳು ರಕ್ತವಾದರು. ಒಳಗೆ ಬರುವಾಗ ಬಾಗಿಲು ತೆರೆದುಕೊಂಡಿತು, ಹಿಂದೆ ಹೋಗಲು ನೋಡಿದಾಗ ಅವರೇ ತಳ್ಳಿದ್ದಕ್ಕೆ ಮುಚ್ಚಿಕೊಂಡಿತು. ಏನಾಗುತ್ತಿದೆ ಎಂದು ಉಳಿದವರು ಹೇಳಬೇಕು, ಅವಳು ಬರೆಯಬೇಕು, ತಪ್ಪಾದರೆ ನಾನು ಕೈಯಾಡಿಸಬೇಕು.

ಎಲ್ಲರೂ ಒಟ್ಟಿಗೆ ಕಿರುಚತೊಡಗಿದಾಗ ಟಕಟಕಿ ಕೈ ಎತ್ತಿ ಕಿವಿ ಮುಚ್ಚಿಕೊಂಡಳು. ಗೋಡೆಯ ಮೇಲೆ ಅಕ್ಷರ ನಿಂತಿತು. "ಒಬ್ಬೊಬ್ಬರು ಹೇಳಿದ್ರೆ ಬರೀತೀನಿ, ಒಟ್ಟಿಗೆ ಹೇಳಿದ್ರೆ ಬರಲ್ಲ," ಎಂದಳು. ತಮ್ಮ ಮಾತು ಗೋಡೆಯ ಮೇಲೆ ಬರಬೇಕೆಂಬ ಆಸೆಗೆ ಎಲ್ಲರೂ ಸಾಲಾಗಿ ಕೈ ಎತ್ತಿದರು. ಗಂಟಲು ಹರಿದುಕೊಂಡರೂ ನನಗೆ ಆಗದಿದ್ದ ಕೆಲಸ ಇದು.

ಸಂಜೆ ಅವಳ ತಾಯಿ ಗೇಟಿನ ಹತ್ತಿರ ಕಾದಿದ್ದರು. ಬಟ್ಟೆ ಹೊಲಿಯುವ ಕೆಲಸ ಅವರದು, ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಗೇ ಇತ್ತು.

"ಮೇಡಂ, ಹೋದ ವರ್ಷ ಅವಳು ದಿನಾ ಮನೆಗೆ ಬಂದು ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿರ್ತಿದ್ಲು. ಕೇಳ್ಕೊಂಡು ಪೆನ್ನಲ್ಲಿ ಬರೀಬೇಕು ಅಂದ್ರೆ ಅವಳಿಗೆ ಕೇಳೋದೂ ಹೋಗುತ್ತೆ, ಬರೆಯೋದೂ ಹೋಗುತ್ತೆ. ಅಕ್ಷರ ಕೂಡಿಸೋದ್ರಲ್ಲೇ ಸುಸ್ತಾಗಿಬಿಡ್ತಾಳೆ. ಈ ವರ್ಷ ಬಂದ ಕೂಡ್ಲೇ ನನ್ನ ಮಿಷನ್ ಪಕ್ಕ ಕೂತು ನಿಮ್ಮ ಪಾಠ ಓದಿ ಹೇಳ್ತಾಳೆ. ನೀವು ಬಯ್ಯೋದೂ ಹೇಳ್ತಾಳೆ," ಎಂದು ನಕ್ಕರು. ಆಮೇಲೆ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, "ನೀವು ಬೇಡ ಅಂದಿದೀರಂತೆ. ತಪ್ಪು ತಿಳ್ಕೋಬೇಡಿ, ಅವಳೇ ಕೇಳಿಸ್ಕೊಂಡು ಬಂದು ಹೇಳಿದ್ಲು," ಎಂದರು.

ನನ್ನ ದನಿ ಕಾರಿಡಾರಿಗೆ ಕೇಳಿಸಿರಬೇಕೆಂದು ನಾನೇ ಇದೇ ಪುಸ್ತಕದಲ್ಲಿ ಬರೆದಿದ್ದೇನೆ. ಯಾರಿಗೆ ಕೇಳಿಸಿತೆಂದು ಯೋಚಿಸಿರಲಿಲ್ಲ. ಅದನ್ನು ಕೇಳಿಸಿಕೊಂಡೂ ಅವಳು ನನಗೆ ಪೆನ್ ಡ್ರೈವ್ ಕೊಟ್ಟಳು!

ಸ್ಲೇಟಿನ ಮೇಲೆ "ಹೆಡ್‌ಮೇಡಂಗೆ ನಾನು ಹೇಳುತ್ತೇನೆ" ಎಂದು ಬರೆದು ತೋರಿಸಿದೆ. ಹೆಡ್‌ಮೇಡಂ ತರಬೇತಿಗೆಂದು ಊರಾಚೆ ಹೋಗಿದ್ದಾರೆ. ಬರುವುದು ಮುಂದಿನ ತಿಂಗಳ ಮೊದಲಿಗೆ.

ಸೆಪ್ಟೆಂಬರ್ ೧೭, ಮಂಗಳವಾರ

ಡಾಕ್ಟರು ದಿನಕ್ಕೆ ನಾಲ್ಕೈದು ಮಾತು ಆಡಬಹುದೆಂದರು. ಮೆಲ್ಲಗೆ, ಕೂಗಕೂಡದು. ಬಾಗಿಲು ದಾಟಿದ ಕೂಡಲೇ ಅತ್ತೆಯ ಕಿವಿಯ ಹತ್ತಿರ ಬಗ್ಗಿ, "ಅತ್ತೆ, ಕೇಳಿಸ್ತಾ?" ಎಂದೆ. ದನಿ ಒಡೆದು ಹಾಳಾಗಿದೆ, ನನಗೇ ಗುರುತಾಗಲಿಲ್ಲ. ಅತ್ತೆ ನನ್ನ ಕೆನ್ನೆ ಸವರಿ, "ಕೇಳಿಸ್ತು ಕಣೇ, ಕೇಳಿಸ್ತು," ಎಂದರು. ಕೇಳಿಸಿರಲಿಕ್ಕಿಲ್ಲ. ಸಂತೋಷವಾಯಿತು.

ಸೆಪ್ಟೆಂಬರ್ ೨೫, ಬುಧವಾರ

ಕೆಟ್ಟೆ.

ಲೆಕ್ಕದ ಮೇಷ್ಟ್ರು ಇವತ್ತು ಕಿರುಪರೀಕ್ಷೆ ಇಟ್ಟು, ಟಕಟಕಿಯ ಲ್ಯಾಪ್‌ಟಾಪ್ ತೆಗೆದು ಬೀರುವಿನಲ್ಲಿಟ್ಟರಂತೆ. ನಾನು ಮುಂದಿನ ಪಾಠಕ್ಕೆ ಹೋದಾಗ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಮೇಜಿನ ಮೇಲಿನ ಹಾಳೆಯಲ್ಲಿ ಒಂದೇ ಒಂದು ಪ್ರಶ್ನೆಯ ಸಂಖ್ಯೆ ಬರೆದು, ಅದನ್ನೇ ಮತ್ತೆ ಮತ್ತೆ ತಿದ್ದಿ, ಕಾಗದ ತೂತಾಗಿತ್ತು.

ನೇರ ಸ್ಟಾಫ್ ರೂಮಿಗೆ ಹೋದೆ. "ಮೇಷ್ಟ್ರೇ, ಅವಳ ಕೈ ಕಟ್ಟಿಹಾಕಿ ಲೆಕ್ಕ ಮಾಡು ಅಂದ್ರೆ ಹೇಗ್ರೀ ಮಾಡ್ತಾಳೆ!" ಎಂದು ಅರಚಿದೆ. ಹಳೆಯ ಮೈಕೇ ಹೊರಬಂತು. ಇನ್ನೂ ಹೇಳುವುದಿತ್ತು. ಗಂಟಲಲ್ಲಿ ಏನೋ ಹರಿದಂತಾಗಿ ಎರಡನೇ ವಾಕ್ಯ ಬರೀ ಗಾಳಿಯಾಯಿತು. ಮೇಷ್ಟ್ರು ಗಾಬರಿಯಾಗಿ ನೀರು ತಂದುಕೊಟ್ಟರು. ಮನುಷ್ಯ ಕೆಟ್ಟವರಲ್ಲ.

ಡಾಕ್ಟರು ಬಯ್ದರು. ಮತ್ತೆ ಪೂರ್ತಿ ಮೌನ, ತಿಂಗಳಿಗೆ ಕಡಿಮೆಯಿಲ್ಲ. ಇವರು ಮಾತ್ರ ಬಯ್ಯಲಿಲ್ಲ. "ಒಳ್ಳೇ ಕಡೆ ಖರ್ಚು ಮಾಡ್ಕೊಂಡೆ ಬಿಡು," ಎಂದರು. ಈ ಮನುಷ್ಯನನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ. ಬಾಯಿ ಬಂದಮೇಲೆ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತೇನೆ.

ಅಕ್ಟೋಬರ್ ೪, ಶುಕ್ರವಾರ

ಇವತ್ತು ಸಭೆ. ಹೆಡ್‌ಮೇಡಂ ನಿನ್ನೆಯಷ್ಟೇ ಬಂದಿದ್ದಾರೆ, ಬಂದಾಗಿನಿಂದ ಅವರ ಕೋಣೆಯ ಮುಂದೆ ಜನವೋ ಜನ. ಸಭೆಯಲ್ಲೇ ಹೇಳಿದರಾಯಿತು ಎಂದುಕೊಂಡು ಸ್ಲೇಟು, ಹೊಸ ಬಳಪ ಸಿದ್ಧ ಮಾಡಿಕೊಂಡು ಹೋದೆ. ಹೆಡ್‌ಮೇಡಂ, ಲೆಕ್ಕದ ಮೇಷ್ಟ್ರು, ಟಕಟಕಿ, ಅವಳ ತಾಯಿ, ನಾನು. ಟಕಟಕಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಎಂದಿನಂತೆ ಎಲ್ಲರ ಮಾತನ್ನೂ ಬರೆದುಕೊಳ್ಳುತ್ತಿದ್ದಳು.

ಮೇಷ್ಟ್ರು ಮೊದಲು ಮಾತಾಡಿದರು. "ಮಗು ಮೇಲೆ ನನಗೆ ಸಿಟ್ಟಿಲ್ಲ ಮೇಡಂ. ಆದ್ರೆ ಮುಂದೆ ದೊಡ್ಡ ಪರೀಕ್ಷೇಲಿ ಇದನ್ನ ಬಿಡದಿದ್ರೆ ಏನ್ ಮಾಡ್ತಾಳೆ? ಈಗಲೇ ಕೈಗೆ ಅಭ್ಯಾಸ ತಪ್ಪಿದ್ರೆ ಕಷ್ಟ."

ತಾಯಿ ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮೇಡಂ ಗಡಿಯಾರ ನೋಡಿ, "ಅವರು ಹೇಳೋದೂ ಸರಿ ಇದೆ. ಕ್ಲಾಸ್ ಟೀಚರೂ ಆಗಸ್ಟಲ್ಲೇ ಬೇಡ ಅಂದಿದ್ರು," ಎಂದರು.

ನಾನು ಎರಡೂ ಕೈ ಆಡಿಸಿದೆ. ಸ್ಲೇಟು ಎತ್ತಿಕೊಂಡು ಬರೆಯತೊಡಗಿದೆ. ಹೆಡ್‌ಮೇಡಂ ಪ್ರೀತಿಯಿಂದ ನನ್ನ ತೋಳು ಮುಟ್ಟಿ, "ನೀವು ಆಯಾಸ ಮಾಡ್ಕೋಬೇಡಿ. ನಿಮ್ಮ ಅಭಿಪ್ರಾಯ ನನಗೆ ನೆನಪಿದೆ," ಎಂದರು.

ನೆನಪಿದೆಯಂತೆ! ಅಷ್ಟು ಜೋರಾಗಿ ಹೇಳಿದ್ದರೆ ಯಾರಿಗೆ ನೆನಪಿರುವುದಿಲ್ಲ? ಒತ್ತಿದ ರಭಸಕ್ಕೆ ಬಳಪ ಮುರಿದು ಮೇಜಿನ ಕೆಳಗೆ ಉರುಳಿತು. ಬಗ್ಗಿ ಹುಡುಕಿದೆ. ಮೇಲೆ ಮಾತು ನನ್ನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಪರೀಕ್ಷೆಗೆ ಹೆಚ್ಚಿನ ಸಮಯ ಕೊಡೋಣ, ಲ್ಯಾಪ್‌ಟಾಪ್ ಮನೆಗೆ ಮಾತ್ರ ಇರಲಿ, ಅದೂ ಇದೂ. ತಲೆಯೆತ್ತಿದಾಗ ತಾಯಿ ತಮ್ಮ ಮೊಣಕಾಲು ನೋಡುತ್ತ ಕೂತಿದ್ದರು. ಕಣ್ಣು ತುಂಬಿತ್ತು. ನನಗೆ ಕೂಗಲೂ ಆಗದು. ನನ್ನದೇ ಹಳೆಯ ಮಾತು ಆ ಹುಡುಗಿಯ ಕೈ ಕಸಿಯುತ್ತಿತ್ತು.

ಅಷ್ಟರಲ್ಲಿ ನನ್ನ ಮಡಿಲಿಗೆ ಏನೋ ಭಾರ ಬಂತು. ಲ್ಯಾಪ್‌ಟಾಪ್. ಟಕಟಕಿ ಹೊಸ ಪುಟ ತೆರೆದು, ಅಕ್ಷರ ದೊಡ್ಡದು ಮಾಡಿ, ನನ್ನ ಮುಂದಿಟ್ಟಿದ್ದಳು. ಏನೂ ಹೇಳಲಿಲ್ಲ. ನಾನು ಒಂದೇ ಬೆರಳಿನಲ್ಲಿ ಶುರು ಮಾಡಿದೆ. 'ಆ' ಎಲ್ಲಿದೆಯೆಂದು ಹುಡುಕುತ್ತಿದ್ದೆ, ಹೆಡ್‌ಮೇಡಂ ಫೈಲು ಮುಚ್ಚಿ, "ಹಾಗಾದ್ರೆ ಸದ್ಯಕ್ಕೆ..." ಎಂದರು.

"ಮೇಡಂ ಟೈಪ್ ಮಾಡ್ತಿದಾರೆ," ಎಂದಳು ಟಕಟಕಿ. "ಕಾಯಿರಿ."

ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಗಂಟೆ ಹೊಡೆಯಿತು ಎಂದು ಹೇಳುವ ಹಾಗೆ ಹೇಳಿದಳು. ಕಿಟಕಿಯ ಕಡೆ ನೋಡುತ್ತ ಸುಮ್ಮನೆ ಕೂತಳು.

ಎಲ್ಲರೂ ಕಾದರು. ಫ್ಯಾನು ತಿರುಗುತ್ತಿತ್ತು. ಹೆಡ್‌ಮೇಡಂ ತೆರೆದ ಬಾಯಿ ಮುಚ್ಚಿ ಕನ್ನಡಕ ತೆಗೆದು ಒರೆಸಿದರು. ಮೇಷ್ಟ್ರು ಒಮ್ಮೆ ಕೆಮ್ಮಿ ಆಮೇಲೆ ಅದನ್ನೂ ನಿಲ್ಲಿಸಿದರು. ಕೋಣೆಯಲ್ಲಿ ಬರೀ ನನ್ನ ಟಕ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ. ಒತ್ತಕ್ಷರ ಸಿಗದೆ ನಾನು ಬೆವರಿದೆ. ಯಾರೂ ಅವಸರ ಮಾಡಲಿಲ್ಲ. ಆಪರೇಷನ್ ಆದ ದಿನದಿಂದ ನನಗಾಗಿ ಒಂದು ಕೋಣೆ ತುಂಬ ಜನ ಹೀಗೆ ಕಾದದ್ದು ಇದೇ ಮೊದಲು.

ಬರೆದು ಮುಗಿಸಿ ಪರದೆಯನ್ನು ಅವರ ಕಡೆ ತಿರುಗಿಸಿದೆ. "ಆಗಸ್ಟಿನಲ್ಲಿ ಬೇಡ ಎಂದೆ. ಆಗ ನನಗೆ ಬಾಯಿತ್ತು. ಈಗ ಬೇಕು ಎನ್ನುತ್ತಿದ್ದೇನೆ. ಎಲ್ಲ ಪಾಠಕ್ಕೂ, ಎಲ್ಲ ಪರೀಕ್ಷೆಗೂ. ಇದಿಲ್ಲದೆ ಅವಳು ಈಗ ನಾನಿರುವ ಹಾಗೆ ಇರುತ್ತಾಳೆ."

ಹೆಡ್‌ಮೇಡಂ ಎರಡು ಸಲ ಓದಿದರು. "ನೀವು ಬಾಯಲ್ಲಿ ಹೇಳಿದ್ರೆ ನಾನು ಇಷ್ಟು ಗಮನ ಇಟ್ಟು ಕೇಳ್ತಿರ್ಲಿಲ್ಲ," ಎಂದು ನಕ್ಕು ಫೈಲನ್ನು ಮತ್ತೆ ತೆರೆದರು. ಲ್ಯಾಪ್‌ಟಾಪ್ ಇರುತ್ತದೆ. ಎಲ್ಲ ವಿಷಯಕ್ಕೂ, ಪರೀಕ್ಷೆಗೂ, ಈ ಶಾಲೆಯಲ್ಲಿ ಇರುವವರೆಗೂ. ದೊಡ್ಡ ಪರೀಕ್ಷೆಗೆ ಅನುಮತಿ ಕೇಳಿ ಈಗಲೇ ಬರೆಯುತ್ತಾರಂತೆ.

ಮೇಷ್ಟ್ರು ತಲೆ ಕೆರೆದುಕೊಂಡು, "ಅಲ್ಲಮ್ಮಾ, ಸಮೀಕರಣ ಎಲ್ಲ ಇದ್ರಲ್ಲಿ ಹೇಗೆ ಬರೀತೀಯ?" ಎಂದರು. ಕೇಳಬಾರದಿತ್ತು. ಅವಳು ಲ್ಯಾಪ್‌ಟಾಪ್ ವಾಪಸ್ಸು ತೆಗೆದುಕೊಂಡು ವಿವರಿಸಲು ಶುರುಮಾಡಿದವಳು ಮುಂದಿನ ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ಮೇಷ್ಟ್ರು ಮೊದಲು ನಿಂತು ಕೇಳಿದರು, ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

ತಾಯಿ ನನ್ನ ಕೈ ಹಿಡಿದುಕೊಂಡರು. ಅವರಿಗೂ ಮಾತು ಬರಲಿಲ್ಲ. ಇಬ್ಬರೂ ಸರಿಸಮವಾದೆವು.

ಅಕ್ಟೋಬರ್ ೫, ಶನಿವಾರ

ಸಭೆಯಲ್ಲಿ ಬರೆದುಕೊಂಡದ್ದನ್ನು ಟಕಟಕಿ ಇವತ್ತು ಅಚ್ಚು ಹಾಕಿಸಿ ನನಗೂ ಒಂದು ಪ್ರತಿ ಕೊಟ್ಟಳು. ಎಲ್ಲ ಇದೆ, ಬಳಪ ಮುರಿದದ್ದೂ ಇದೆ. ನಡುವೆ ಒಂದು ಕಡೆ ಬಿಳಿ ಜಾಗ. "ಲ್ಯಾಪ್‌ಟಾಪ್ ಮೇಡಂ ಹತ್ತಿರ ಇತ್ತು. ಇಲ್ಲಿ ಸಭೆ ಇಲ್ಲ."

ಒಂದು ಮಾತೂ ಬಿಡದೆ ಬರೆದುಕೊಳ್ಳುವ ಹುಡುಗಿ, ತನ್ನ ಭವಿಷ್ಯ ತೀರ್ಮಾನವಾಗುವ ಹೊತ್ತಿನಲ್ಲಿ ಅದನ್ನು ನನಗೆ ಕೊಟ್ಟು ಬರಿಗೈಯಲ್ಲಿ ಕೂತಿದ್ದಳು. ಆ ಹಾಳೆಯನ್ನು ಬೀರುವಿನಲ್ಲಿ ನನ್ನ ಸರ್ಟಿಫಿಕೇಟುಗಳ ಜೊತೆ ಇಟ್ಟಿದ್ದೇನೆ.

ನವೆಂಬರ್ ೧೧, ಸೋಮವಾರ

ಬಾಯಿ ಬಂತು. ಸಣ್ಣ ದನಿ, ಸ್ವಲ್ಪ ಒಡಕು. ಇನ್ನು ಇಷ್ಟೇ, ಹಳೆಯದು ಬರುವುದಿಲ್ಲ ಎಂದರು ಡಾಕ್ಟರು. ಅತ್ತೆಗೆ ಶ್ರವಣಯಂತ್ರ ತಂದಿದ್ದೇವೆ. ಹಾಕಿಕೊಂಡು ಮೊದಲು ಕೇಳಿದ ಮಾತು, "ಇದೇನಾ ನಿನ್ನ ದನಿ? ಇಷ್ಟು ಮೆತ್ತಗಾ?" ಇವರು ಅಂಗಡಿಗೆ ಹೊರಡುವ ಮುಂಚೆ, ಬಯ್ಯುವುದಿದ್ದರೆ ಈಗಲೇ ಬಯ್ಯಿ ಎಂದು ಮುಂದೆ ನಿಂತರು. ಬಯ್ಯಲು ಏನೂ ನೆನಪಾಗಲಿಲ್ಲ.

ಮಕ್ಕಳು ನನ್ನ ಹೆಸರು ಬದಲಾಯಿಸಿದ್ದಾರೋ ಇಲ್ಲವೋ ತಿಳಿಯಬೇಕು. ನನ್ನ ದನಿ ಈಗ ಕೊನೇ ಬೆಂಚಿಗೆ ತಲುಪಬೇಕಾದರೆ ತರಗತಿ ತಣ್ಣಗಿರಬೇಕು. ಇವತ್ತು ಯಾರೋ ಬೆಂಚು ಎಳೆದಾಗ, "ಸದ್ದು ಮಾಡಬೇಡ್ರೋ, ಟಕಟಕ ಕೇಳಿಸ್ತಿಲ್ಲ ನನಗೆ," ಎಂದೆ. ಆ ಸದ್ದು ಇದ್ದರೆ ಪಾಠ ಸರಿಯಾಗಿ ಹೋಗುತ್ತಿದೆಯೆಂದು ಅರ್ಥ. ಅದು ತಡೆದರೆ ನಾನು ಏನೋ ಗೋಜಲು ಹೇಳಿದ್ದೇನೆ, ಇನ್ನೊಮ್ಮೆ ಹೇಳಬೇಕು.

'ಬಿ' ವಿಭಾಗದಲ್ಲಿ ಉಸಿರಾಟದ ಪಾಠ. ಬೆಕ್ಕಿಗೆ ಪ್ರಶ್ನೆ ಕೇಳಿದೆ. ಅವನು ಎದ್ದು ನಿಂತ, ಬಾಯಿ ತೆರೆದ, ಮುಚ್ಚಿದ, ಬೆಂಚಿನ ತುದಿ ಕೆರೆದ. ಪಕ್ಕದವರು ಕೈ ಎತ್ತಿದರು, ಇಳಿಸಿ ಎಂದೆ. ಹೊರಗೆ ಯಾರೋ ಓಡಿದರು. ಅವನು ಇನ್ನೊಮ್ಮೆ ಬಾಯಿ ತೆರೆದ. ಕೊನೆಗೆ ಉತ್ತರ ಹೇಳಿದ, ಸರಿಯಾಗಿತ್ತು. ಈ ವರ್ಷ ನನ್ನ ಪ್ರಶ್ನೆಗೆ ಅವನು 'ಮ್ಯಾಂವ್' ಬಿಟ್ಟು ಬೇರೆ ಉತ್ತರ ಹೇಳಿದ್ದು ಇದೇ ಮೊದಲು. ತನಗೇ ನಂಬಿಕೆಯಾಗದೆ ಸುತ್ತ ನೋಡಿ ಕೂತ.

ಆದರೆ ಒಂದು ಯೋಚನೆಯಾಗಿದೆ. ಎರಡೂ ವಿಭಾಗದಲ್ಲಿ ನನ್ನ ಪಾಠ ಹಿಂದೆ ಬಿದ್ದಿದೆ. ಒಂದೊಂದು ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯುತ್ತದೋ ಗೊತ್ತೇ ಆಗುವುದಿಲ್ಲ, ಅಷ್ಟರಲ್ಲಿ ಗಂಟೆ ಹೊಡೆದುಬಿಡುತ್ತದೆ. ಮೊದಲು ಹೀಗಿರಲಿಲ್ಲ. ಗಂಟಲು ಇನ್ನೂ ಪೂರ್ತಿ ಸರಿಹೋಗಿಲ್ಲವೋ ಏನೋ. ಮುಂದಿನ ಸಲ ಡಾಕ್ಟರನ್ನು ಕೇಳಬೇಕು.